ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸಿಕೊಳ್ಳುವ ಮುಂಚೆ

ತಮ್ಮಾ, ಎಚ್-1ಬಿ ಕೆಲಸದ ವೀಸಾ ಮೇಲೆ ಟೆಕ್ಸಾಸಿನ ಹ್ಯೂಸ್ಟನ್‌ಗೆ ಬಂದು ಕೆಲವೇ ತಿಂಗಳಾಗಿದೆ ಅಂತ ಬರೆದಿದ್ದೀಯ. ಆಫೀಸಿನಿಂದ ರಾತ್ರಿ ತಡವಾಗಿ ಬರುತ್ತೀಯ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಒಂದೆರಡು ಕಾರಿನ ಗಾಜು ಒಡೆದಿದ್ದಾರೆ. ರೂಮ್‌ಮೇಟ್ ಹತ್ತಿರ ಆಗಲೇ ಗನ್ ಇದೆ. "ಇದು ಟೆಕ್ಸಾಸ್, ಇಲ್ಲಿ ಲೈಸೆನ್ಸೇ ಬೇಡ, ನೀನೂ ಒಂದು ಸಣ್ಣ ರಿವಾಲ್ವರ್ ತಗೊಂಡು ಇಟ್ಕೋ" ಅಂದಿದ್ದಾನೆ. ತಗೊಳ್ಳಲಾ ಅಣ್ಣ ಅಂತ ಕೇಳಿದ್ದೀಯ.

ಬೇಡ. ಈಗಂತೂ ಬೇಡವೇ ಬೇಡ.

ನಿನ್ನ ರೂಮ್‌ಮೇಟ್ ಹೇಳಿದ್ದು ಅರ್ಧ ನಿಜ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ ಲೈಸೆನ್ಸ್ ಇಲ್ಲದೆ ಕೈಬಂದೂಕು ಜೊತೆಗಿಟ್ಟುಕೊಂಡು ಓಡಾಡಬಹುದು. ಆದರೆ ಅದು ಗನ್ ಇಟ್ಟುಕೊಳ್ಳುವ ಹಕ್ಕು ಇರುವವರಿಗೆ ಮಾತ್ರ. ಆ ಹಕ್ಕು ಯಾರಿಗಿಲ್ಲ ಅಂತ ಫೆಡರಲ್ ಕಾನೂನು ಹೇಳುತ್ತದೆ. ನಾನ್-ಇಮಿಗ್ರಂಟ್ ವೀಸಾದಲ್ಲಿ, ಅಂದರೆ ಕಾಯಂ ಅಲ್ಲದ ತಾತ್ಕಾಲಿಕ ವೀಸಾದಲ್ಲಿ ಇರುವವರೂ ಆ ಪಟ್ಟಿಯಲ್ಲಿದ್ದಾರೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ಅದರಲ್ಲೇ ಬಂತು. ಗನ್ ಮಾತ್ರ ಅಲ್ಲ, ಒಂದೇ ಒಂದು ಗುಂಡು ಇಟ್ಟುಕೊಂಡರೂ ಅಪರಾಧ. 2022ರಲ್ಲಿ ಕಾನೂನು ಬದಲಾದ ಮೇಲೆ ಶಿಕ್ಷೆ 15 ವರ್ಷದವರೆಗೂ ಹೋಗಬಹುದು. ಜೈಲು ಮುಗಿದರೂ ಕಥೆ ಮುಗಿಯುವುದಿಲ್ಲ, ಗಡೀಪಾರು ಕಾದಿರುತ್ತದೆ. ಅಂಗಡಿಯಲ್ಲಿ ಗನ್ ಕೊಳ್ಳುವಾಗ 4473 ಅನ್ನುವ ಫಾರಂ ತುಂಬಿಸುತ್ತಾರೆ. ನಿನ್ನ ವೀಸಾ ಬಗ್ಗೆ ಅದರಲ್ಲಿ ನೇರವಾಗಿ ಪ್ರಶ್ನೆ ಇದೆ. ಅಲ್ಲಿ ಸುಳ್ಳು ಬರೆದರೆ ಅದೇ ಇನ್ನೊಂದು ಕೇಸು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೀಕೆಂಡ್‌ನಲ್ಲಿ ಶೂಟಿಂಗ್ ರೇಂಜ್‌ಗೆ ಹೋಗಿ, ಬಾಡಿಗೆ ಗನ್ ಹಿಡಿದು ಫೋಟೋ ಹಾಕುವ ಹುಡುಗರನ್ನು ನೋಡಿರುತ್ತೀಯ. ಕಾನೂನಿನ ಕಣ್ಣಿಗೆ ಅದೂ ಗನ್ ಇಟ್ಟುಕೊಂಡ ಹಾಗೇ. ತಾವೇ ಕೈಯಾರೆ ಸಾಕ್ಷಿ ಮಾಡಿ ಜಗತ್ತಿಗೆ ಹಂಚುತ್ತಿದ್ದಾರೆ. ನೀನು ಹೋಗಬೇಡ.

ಹಂಟಿಂಗ್ ಲೈಸೆನ್ಸ್ ತಗೊಂಡರೆ ಸಾಕಂತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ವಿನಾಯಿತಿ ಕಾನೂನಿನಲ್ಲಿ ಇದೆ, ಸುಳ್ಳಲ್ಲ. ಆದರೆ ಟೆಕ್ಸಾಸಿನ ಹಂಟಿಂಗ್ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಮಾಡಿಸಲು ಮರೆತರೆ ಸೆಪ್ಟೆಂಬರ್ 1ರ ಬೆಳಗ್ಗೆ ನೀನು ಅಪರಾಧಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಲ್ಲಬೇಕಾದವನು ಇಷ್ಟು ತೆಳ್ಳಗಿನ ಎಳೆಗೆ ಜೋತುಬೀಳಬಾರದು. ನಿನಗೆ ಬೇಟೆಯ ಆಸಕ್ತಿ ನಿಜವಾಗಿ ಇದ್ದರೆ ಇಮಿಗ್ರೇಶನ್ ವಕೀಲರನ್ನು ಕೇಳಿ ಮುಂದುವರಿ. ಸೊಂಟದಲ್ಲಿ ರಿವಾಲ್ವರ್ ಇಡುವುದಕ್ಕೋಸ್ಕರ ಈ ದಾರಿ ಹಿಡಿಯಬೇಡ.

ಹಾಗಾದರೆ ನೀವು ಇಟ್ಟುಕೊಂಡಿದ್ದೀರಲ್ಲ ಅಂತ ನೀನು ಕೇಳಬಹುದು. ಹೌದು. ನನಗೆ ಅಂಗಡಿ ಇದೆ, ರಾತ್ರಿ ಗಲ್ಲಾ ಮುಚ್ಚಿ ದುಡ್ಡು ತಗೊಂಡು ಒಬ್ಬನೇ ಹೊರಡಬೇಕು. ಸಿಟಿಜನ್ ಆದ ಮೇಲೆ ಲೈಸೆನ್ಸ್ ಮಾಡಿಸಿದೆ. ಲೈಸೆನ್ಸ್ ಬೇಡದ ಕಾಲದಲ್ಲೂ ಅದು ಬೇಕು ಅನ್ನುವವನು ನಾನು. ಫೀಸು ಬರೀ 40 ಡಾಲರ್. ಕ್ಲಾಸಿನಲ್ಲಿ ಕೂರಬೇಕು, ಬರೆಯುವ ಪರೀಕ್ಷೆ ಇದೆ. ಆಮೇಲೆ 3, 7, 15 ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು ತೋರಿಸಬೇಕು. ಅಷ್ಟೂ ಮಾಡಲು ಮನಸ್ಸಿಲ್ಲದವನು ಗನ್ ಹಿಡಿದು ಜನರ ಮಧ್ಯೆ ಓಡಾಡಬಾರದು.

ಮುಂದೆ ನಿನಗೂ ಗ್ರೀನ್ ಕಾರ್ಡ್ ಬಂದು, ಆಗಲೂ ಬೇಕು ಅನ್ನಿಸಿದರೆ, ರಿವಾಲ್ವರ್ ಅಂದರೆ ಏನು ಅಂತ ಈಗಲೇ ತಿಳಿದುಕೊಂಡಿರು. "ಸಣ್ಣದು, ಸುಲಭ" ಅಂತ ಅಂಗಡಿಯವರು ಹೊಸಬರಿಗೆ ಅದನ್ನೇ ತೋರಿಸುತ್ತಾರೆ. ಸಣ್ಣದು ಹೌದು, ಸುಲಭ ಅಲ್ಲ. .38 ಸ್ಪೆಷಲ್ ಗುಂಡು ಹಾಕುವ, ಐದೇ ಗುಂಡು ಹಿಡಿಯುವ ಅಲ್ಯೂಮಿನಿಯಂ ರಿವಾಲ್ವರ್ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಅದರ ಟ್ರಿಗರ್ ಎಳೆಯಲು ಸುಮಾರು ಐದು ಕಿಲೋದಷ್ಟು ಬಲ ಬೇಕು. ಹಗುರವಾದ ವಸ್ತುವನ್ನು ಕೈಯಲ್ಲಿ ಅಲುಗದಂತೆ ಹಿಡಿದು, ಅದರ ಹತ್ತು ಪಟ್ಟು ಬಲ ಒಂದೇ ಬೆರಳಿಗೆ ಹಾಕಬೇಕು. ನಳಿಗೆ ಎರಡು ಇಂಚು ಇರುತ್ತದೆ ಅಷ್ಟೆ. ಸ್ವಲ್ಪ ಮಣಿಕಟ್ಟು ತಿರುಗಿದರೂ ಗುಂಡು ಬೇರೆ ಕಡೆ ಹೋಯಿತು. ಗನ್ ಹಗುರ ಆದಷ್ಟೂ ಒದೆತ ಜಾಸ್ತಿ. ಮೊದಲ ಸಲ ಹೊಡೆದವರು ಎರಡನೇ ಗುಂಡಿಗೆ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇನ್ನೊಂದು ಕೈಯ ಬೆರಳು ಗುಂಡು ತುಂಬುವ, ತಿರುಗುವ ಡ್ರಮ್ಮಿನ ಮುಂದೆ ಬಂದರೆ, ಅಲ್ಲಿನ ಸಂದಿಯಿಂದ ಚಿಮ್ಮುವ ಬೆಂಕಿ ಸುಟ್ಟುಬಿಡುತ್ತದೆ.

ಆದರೂ ನಾನು ರಿವಾಲ್ವರನ್ನೇ ಇಟ್ಟುಕೊಂಡಿದ್ದೇನೆ. ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ತಾನಾಗೇ ಬಂದು ನಿಲ್ಲುತ್ತದೆ. ಪಿಸ್ತೂಲಿನಲ್ಲಾದರೆ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್ ಹಿಂದಕ್ಕೆಳೆದು ಕೆಟ್ಟ ಗುಂಡು ಹೊರಗೆ ತೆಗೆಯಬೇಕು. ಆದರೆ ಇದಕ್ಕೆ ಆರೈಕೆ ಬೇಡ ಅಂದುಕೊಳ್ಳಬೇಡ. ಹ್ಯೂಸ್ಟನ್ನಿನ ಸೆಕೆಯಲ್ಲಿ ಮೈಗೆ ಒತ್ತಿಕೊಂಡಿದ್ದರೆ ಬೆವರಿಗೆ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ಡ್ರಮ್ಮಿನ ಹಿಂದೆ ಬಟ್ಟೆಯ ನೂಲು, ಧೂಳು ಸೇರಿಕೊಳ್ಳುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ (ಗನ್ನಿನ ಒರೆ) ಇಲ್ಲದೆ ಪ್ಯಾಂಟಿನ ಜೇಬಿಗೆ ಹಾಕಲೇಬಾರದು. ಕೀ, ಚಿಲ್ಲರೆ ಇರುವ ಜೇಬಿಗಂತೂ ಹೋಲ್‌ಸ್ಟರ್ ಇದ್ದರೂ ಹಾಕಬಾರದು.

ಇದಕ್ಕಿಂತ ಕಷ್ಟ ಏನು ಗೊತ್ತಾ? ದಿನವಿಡೀ ಅದರ ಬಗ್ಗೆ ಯೋಚಿಸುತ್ತಲೇ ಇರಬೇಕು. ಬಾಗಿಲ ಮೇಲೆ ಗನ್ ತರಬೇಡಿ ಅನ್ನುವ 30.06 ಅಥವಾ 30.07 ಬೋರ್ಡ್ ಇದೆಯಾ? ಬಾರಿನ ಮುಂದೆ ಕೆಂಪು ಅಕ್ಷರದ 51% ಬೋರ್ಡ್ ಇದೆಯಾ, ಅಂದರೆ ಹೆಚ್ಚಿನ ಆದಾಯ ಮದ್ಯದಿಂದಲೇ ಬರುವ, ಗನ್ ಒಯ್ಯಬಾರದ ಜಾಗವಾ? ಮಗುವನ್ನು ಕರೆದುಕೊಂಡು ಬರಲು ಸ್ಕೂಲ್ ಒಳಗೆ ಹೋಗಬೇಕಾ? ಬಯೋಮೆಟ್ರಿಕ್ಸ್ ಕೊಡುವ ಇಮಿಗ್ರೇಶನ್ ಆಫೀಸು ಕೂಡ ಫೆಡರಲ್ ಜಾಗವೇ, ಅಲ್ಲಿ ಗನ್ ತಂದರೆ ಅಪರಾಧ. ಇಲಿನಾಯ್, ನ್ಯೂಜೆರ್ಸಿಯಲ್ಲಿ ನಮ್ಮ ಟೆಕ್ಸಾಸ್ ಲೈಸೆನ್ಸಿಗೆ ಬೆಲೆ ಇಲ್ಲ. ಕಾರಿನಲ್ಲಿ ಬಿಟ್ಟುಹೋಗೋಣ ಅಂದರೆ, ಅದೇ ಗಾಜು ಒಡೆಯುವವರಿಗೆ ಗನ್ ಕೊಟ್ಟ ಹಾಗೆ. ಊರಿಗೆ ಹೋಗುವಾಗ ಬ್ಯಾಗಿನ ಮೂಲೆಯಲ್ಲಿ ಒಂದು ಗುಂಡು ಉಳಿದುಬಿಟ್ಟಿದ್ದರೆ ಭಾರತದಲ್ಲಿ ಆರ್ಮ್ಸ್ ಆಕ್ಟ್ ಕೇಸು ಆಗುತ್ತದೆ. ರೇಂಜ್‌ಗೆ ಒಯ್ಯುವ ಬ್ಯಾಗನ್ನು ನಾನು ಬೇರೆ ಯಾವುದಕ್ಕೂ ಬಳಸುವುದಿಲ್ಲ.

ಕಾರಿನ ಗಾಜು ಒಡೆಯುವವನನ್ನು ಕಂಡರೆ ಗನ್ ತೋರಿಸಿ ಓಡಿಸಬಹುದಲ್ವಾ ಅಂತ ಕೇಳಿದ್ದೀಯ. ರಾತ್ರಿ ಹೊತ್ತಿನ ಕಳ್ಳತನದ ವಿಷಯದಲ್ಲಿ ಟೆಕ್ಸಾಸ್ ಕಾನೂನು ಬೇರೆ ಕಡೆಗಿಂತ ಸಡಿಲ ಅನ್ನುವುದು ನಿಜ. ಅದನ್ನು ನಂಬಿಕೊಂಡು ಹೊರಗೆ ಹೋಗಬೇಡ. ಲ್ಯಾಪ್‌ಟಾಪ್ ಹೋದರೆ ಇನ್ನೊಂದು ಬರುತ್ತದೆ. ಒಬ್ಬನ ಜೀವ ತೆಗೆದ ಮೇಲೆ ಯಾವ ಜ್ಯೂರಿ ಬಿಟ್ಟರೂ ನೀನು ಮೊದಲಿನ ಮನುಷ್ಯನಾಗಿ ಉಳಿಯುವುದಿಲ್ಲ. ನನ್ನ ಮಟ್ಟಿಗೆ ರಿವಾಲ್ವರ್ ಇರುವುದು ಜೀವಕ್ಕೆ ಬಂದಾಗ ಮಾತ್ರ, ಓಡಲೂ ದಾರಿ ಇಲ್ಲದಾಗ ಮಾತ್ರ.

ಒಂದು ವಿಷಯ ನಮ್ಮವರು ಮಾತಾಡುವುದೇ ಇಲ್ಲ. ಅಮೆರಿಕದಲ್ಲಿ ಗನ್ನಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. 2021ರಲ್ಲಿ ಸುಮಾರು 48,800 ಜನ ಸತ್ತರು, ಅವರಲ್ಲಿ 26,000ಕ್ಕೂ ಹೆಚ್ಚು ಜನ ತಾವೇ ಹೊಡೆದುಕೊಂಡವರು. ಎಚ್-1ಬಿಯಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಮೇಲೆ ಸಾಲ, ಮನೆಯವರ ನಿರೀಕ್ಷೆ, ಮಾತಾಡಲು ಯಾರೂ ಇಲ್ಲದ ರೂಮು. ಅಂಥ ರಾತ್ರಿ ಕೈಗೆ ಎಟಕುವಲ್ಲಿ ಗನ್ ಇರಬಾರದು. ಮನಸ್ಸು ಕುಸಿದರೆ ಇಲ್ಲಿನ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡು, ಇಲ್ಲ ನನಗೆ ಮಾಡು. ಎಷ್ಟು ಹೊತ್ತಾದರೂ ಸರಿ.

ಈಗ ನಿನ್ನ ಭಯಕ್ಕೆ ಬರೋಣ, ಅದು ಸುಮ್ನೆ ಬಂದದ್ದಲ್ಲ. ರಾತ್ರಿ ಆಫೀಸಿನ ಸೆಕ್ಯುರಿಟಿಯವರನ್ನು ಕಾರಿನವರೆಗೆ ಬನ್ನಿ ಅಂತ ಕೇಳು, ಸಂಕೋಚ ಬೇಡ. ಪಾರ್ಕಿಂಗ್‌ನಲ್ಲಿ ದೀಪದ ಕೆಳಗೆ ನಿಲ್ಲಿಸು, ಕಾರಿನಲ್ಲಿ ಬ್ಯಾಗ್ ಬಿಡಬೇಡ. ಇಯರ್‌ಫೋನ್ ತೆಗೆದು ನಡೆ. ಸಣ್ಣ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವುದು ಟೆಕ್ಸಾಸಿನಲ್ಲಿ ಕಾನೂನುಬದ್ಧ, ನಿನ್ನ ವೀಸಾಗೂ ಅಡ್ಡಿ ಇಲ್ಲ. ಮನೆಯಲ್ಲಿ ಚಿನ್ನ ಇದ್ದರೆ ನಾಳೆಯೇ ಬ್ಯಾಂಕ್ ಲಾಕರಿಗೆ ಹಾಕು. ನಮ್ಮವರ ಮನೆಯಲ್ಲಿ ಒಡವೆ ಇರುತ್ತದೆ ಅಂತ ಕಳ್ಳರಿಗೆ ಚೆನ್ನಾಗಿ ಗೊತ್ತು.

ಕೊನೆಗೆ ರೂಮ್‌ಮೇಟ್‌ನ ಗನ್. ಅದು ಲಿವಿಂಗ್ ರೂಮಿನ ಡ್ರಾಯರಿನಲ್ಲಿ ಇರುತ್ತದೆ ಅಂತ ಬರೆದಿದ್ದೀಯ. ನೀನು ಮುಟ್ಟದಿದ್ದರೂ, ಬೇಕೆಂದಾಗ ತೆಗೆದುಕೊಳ್ಳುವ ಹಾಗಿತ್ತು ಅಂತ ನಿನ್ನ ಮೇಲೂ ಕೇಸು ಕಟ್ಟಬಹುದು. ಅವನ ರೂಮಿನಲ್ಲೇ ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಡಲು ಹೇಳು. ಕೀ ಅವನ ಹತ್ತಿರವೇ ಇರಲಿ, ಎಲ್ಲಿಡುತ್ತಾನೆ ಅಂತ ನಿನಗೆ ಗೊತ್ತಾಗುವುದೂ ಬೇಡ. ಒಪ್ಪದಿದ್ದರೆ ಬೇರೆ ರೂಮು ನೋಡು. ನಿನ್ನ ಲೀಸ್ ಯಾವಾಗ ಮುಗಿಯುತ್ತದೆ, ಆಫೀಸು ಯಾವ ಕಡೆ ಅಂತ ಬರೆದು ಕಳಿಸು, ಇಲ್ಲಿರುವ ನಮ್ಮವರನ್ನು ಕೇಳಿ ಹೇಳುತ್ತೇನೆ.