ದುಡ್ಡು ಕೊಡದವರೆಲ್ಲ ‘ಫೋರ್ ಟ್ವೆಂಟಿ’ ಆಗ್ತಾರಾ?

ಪ್ರಶ್ನೆ: ಪರಿಚಯದವರೊಬ್ಬರು ತಮ್ಮದೊಂದು ಸೈಟ್ ಇದೆ ಎಂದು 2024ರ ಅಕ್ಟೋಬರ್‌ನಲ್ಲಿ ಅಗ್ರಿಮೆಂಟ್ ಮಾಡಿಕೊಟ್ಟು 4 ಲಕ್ಷ ರೂಪಾಯಿ ಅಡ್ವಾನ್ಸ್ ತೆಗೆದುಕೊಂಡರು. ರಿಜಿಸ್ಟ್ರೇಷನ್ ಮಾತ್ರ ಮಾಡಿಕೊಡಲಿಲ್ಲ. ಈಗ ನೋಡಿದರೆ ಸೈಟ್ ಬೇರೆಯವರ ಹೆಸರಲ್ಲಿದೆ. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎಂದು ಕಳಿಸಿದರು. ಇದು ಫೋರ್ ಟ್ವೆಂಟಿ ಅಲ್ವಾ ಸರ್?

ಉತ್ತರ: ಮೊದಲು ಆ ಸೈಟಿನ ಇ.ಸಿ. (ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್, ಅಂದರೆ ಸೈಟು ಯಾವಾಗ ಯಾರಿಗೆ ನೋಂದಣಿ ಆಗಿದೆ ಎಂದು ತೋರಿಸುವ ದಾಖಲೆ) ತೆಗೆಸಿ. ಬೇರೆಯವರಿಗೆ ಯಾವ ತಾರೀಕಿಗೆ ಮಾರಿದ್ದಾರೆ ನೋಡಿ.

ನಿಮ್ಮ ಅಗ್ರಿಮೆಂಟ್ ಆದ ಮೇಲೆ, ಜಾಸ್ತಿ ರೇಟು ಸಿಕ್ಕಿತೆಂದು ಇನ್ನೊಬ್ಬರಿಗೆ ಮಾರಿದ್ದರೆ ಅದು ಮಾತಿಗೆ ತಪ್ಪಿದ್ದು. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಅಷ್ಟಕ್ಕೇ ವಂಚನೆಯ ಅಪರಾಧ ಆಗುವುದಿಲ್ಲ. ಅಗ್ರಿಮೆಂಟಿಗೆ ಮೊದಲೇ ಮಾರಿಬಿಟ್ಟು, ಆಮೇಲೂ ಅದು ತನ್ನದೇ ಎಂದು ನಂಬಿಸಿ ನಿಮ್ಮ ಹತ್ತಿರ ದುಡ್ಡು ಇಸಿದುಕೊಂಡಿದ್ದರೆ ಕಥೆಯೇ ಬೇರೆ. ದುಡ್ಡು ತೆಗೆದುಕೊಳ್ಳುವಾಗಲೇ ಟೋಪಿ ಹಾಕುವ ಉದ್ದೇಶ ಇತ್ತಾ ಎಂಬುದನ್ನೇ ಕಾನೂನು ಕೇಳುವುದು. ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಆಮೇಲೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ, ಶುರುವಿನಲ್ಲೇ ಕೆಟ್ಟ ಉದ್ದೇಶ ಇತ್ತು ಎಂದುಕೊಳ್ಳುವ ಹಾಗಿಲ್ಲ. ಮನಸ್ಸಿನೊಳಗೆ ಇಣುಕಿ ನೋಡಲು ಆಗುವುದಿಲ್ಲವಲ್ಲ, ಅದಕ್ಕೇ ಇ.ಸಿ.ಯ ತಾರೀಕು ಇಷ್ಟು ಮುಖ್ಯ.

ಸುಳ್ಳು ಹೇಳಿದ ಮಾತ್ರಕ್ಕೂ ಅಪರಾಧ ಆಗಿಬಿಡುವುದಿಲ್ಲ. 1963ರ ಡಾ. ವಿಮ್ಲಾ ಪ್ರಕರಣ ಸ್ವಾರಸ್ಯವಾಗಿದೆ. ಆಕೆ ತನ್ನದೇ ದುಡ್ಡಲ್ಲಿ ಕಾರು ಕೊಂಡು, ಪುಟ್ಟ ಮಗಳ ಹೆಸರಿಗೆ ಮಾಡಿಸಿ, ಇನ್ಶೂರೆನ್ಸ್ ಕಾಗದಗಳಿಗೆಲ್ಲ ಮಗಳ ಹೆಸರಲ್ಲಿ ತಾನೇ ಸಹಿ ಹಾಕಿದ್ದರು. ಸುಳ್ಳು ಸಹಿ ಹೌದು. ಆದರೆ ಅದರಿಂದ ಆಕೆಗೆ ಲಾಭವೂ ಇಲ್ಲ, ಕಂಪನಿಗೆ ನಷ್ಟವೂ ಇಲ್ಲ. ಸುಪ್ರೀಂ ಕೋರ್ಟ್ ಬಿಟ್ಟುಬಿಟ್ಟಿತು. ನಿಮ್ಮ ವಿಷಯದಲ್ಲಿ 4 ಲಕ್ಷ ಹೋಗಿದೆ, ನಷ್ಟ ತೋರಿಸುವುದು ಕಷ್ಟವಲ್ಲ.

ಮಾರಿದ ತಾರೀಕು ಮೊದಲಿನದೇ ಆಗಿದ್ದರೆ ಇ.ಸಿ., ಅಗ್ರಿಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ಬರೆದು ದೂರು ಕೊಡಿ. ವಂಚನೆಗೆ ಹಳೆಯ ಐಪಿಸಿಯಲ್ಲಿದ್ದ ಸೆಕ್ಷನ್ 420ರ ನೆನಪಲ್ಲಿ ನಾವಿನ್ನೂ ಫೋರ್ ಟ್ವೆಂಟಿ ಅನ್ನುತ್ತೇವೆ, ಆದರೆ 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318(4). 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸುಮ್ನೆ ಭಾರ ಹೆಚ್ಚಲಿ ಎಂದು ‘ನಂಬಿಕೆ ದ್ರೋಹ’ವನ್ನೂ ಸೇರಿಸಬೇಡಿ. ಅದು ನಮ್ಮ ದುಡ್ಡನ್ನೋ ಆಸ್ತಿಯನ್ನೋ ನೋಡಿಕೊಳ್ಳಲು ಒಪ್ಪಿಸಿದಾಗ, ಒಪ್ಪಿಸಿಕೊಂಡವರು ಅದನ್ನು ನುಂಗಿಹಾಕಿದರೆ ಬರುವ ಅಪರಾಧ. ಒಂದೇ ಸಂಗತಿಗೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು 2024ರಲ್ಲಿ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಆದರೂ ದೂರುಗಳಲ್ಲಿ ಎರಡನ್ನೂ ತುರುಕುವ ಚಾಳಿ ಹೋಗಿಲ್ಲ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು.

ಆದರೆ ಪೊಲೀಸರು ವಸೂಲಿಗಾರರಲ್ಲ. ದುಡ್ಡು ವಾಪಸ್ ಬೇಕೆಂದರೆ ಸಿವಿಲ್ ದಾವೆ ಬೇರೆ ಹಾಕಬೇಕು. ಎರಡೂ ಒಟ್ಟಿಗೆ ನಡೆಯಬಹುದು. ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು, ಠಾಣೆಗೆ ಅಲೆದ ದಿನಗಳನ್ನು ಅದರಲ್ಲಿ ಯಾರೂ ಕಳೆಯುವುದಿಲ್ಲ. ರಿಸ್ಕ್ ಬೇಡ, ಅಗ್ರಿಮೆಂಟಿನ ದಿನದಿಂದಲೇ ಎಣಿಸಿ 2027ರ ಅಕ್ಟೋಬರ್ ಬರುವುದರೊಳಗೆ ಹಾಕಿಬಿಡಿ.