ಕಷ್ಟದ ದಿನಗಳಲ್ಲಿ ಊರ ಕಡೆ ಸುಮ್ಮನೆ ನಡೆದಾಡಿದರೆ ಮನಸ್ಸು ಹಗುರಾಗುತ್ತದೆಯೇ?

ನನಗಂತೂ ಆಯಿತು, ಸ್ವಲ್ಪ ಮಟ್ಟಿಗೆ. ಅಪ್ಪ ತೀರಿಕೊಂಡ ವರ್ಷ ಮಾರ್ಚಿನಲ್ಲಿ ಶಿರಸಿ ಹತ್ತಿರದ ನಮ್ಮೂರಲ್ಲಿದ್ದೆ. ಮನೆಯಲ್ಲಿ ಕೂರಲಾಗದೆ ಬೆಳಿಗ್ಗೆ ಆರಕ್ಕೇ ಸೊಪ್ಪಿನ ಬೆಟ್ಟ ಹತ್ತುತ್ತಿದ್ದೆ (ಅಡಿಕೆ ತೋಟಕ್ಕೆ ಸೊಪ್ಪು, ಒಣಗಿ ಬಿದ್ದ ಎಲೆ ಅಂದರೆ ದರಕು ತರುವ ಕಾಡು). ಸುರಗಿ ಮರ ಕಾಣುವ ಮೊದಲೇ ಪರಿಮಳ ಬರುತ್ತದೆ. ಕೊಂಬೆಯ ಮೈಗೇ ಅಂಟಿಕೊಂಡ ಹೂವು, ಬಿಳಿ ಎಸಳು, ನಡುವೆ ಹಳದಿ ಕೇಸರ. ಒಣಗಿದರೂ ಪರಿಮಳ ಬಿಡುವುದಿಲ್ಲ. ಆಯ್ದ ಒಂದು ಹಿಡಿ ಜೇಬಿನಲ್ಲೇ ಉಳಿದು, ಬೆಂಗಳೂರಿಗೆ ಬಂದು ತಿಂಗಳಾದ ಮೇಲೆ ಕೈಗೆ ಸಿಕ್ಕಿತು. ಅವತ್ತೇ ನಾನು ಸರಿಯಾಗಿ ಅತ್ತಿದ್ದು.

ಹೋಗುವುದಾದರೆ ಇಯರ್‌ಫೋನ್ ಬೇಡ, ಮಂಗಟ್ಟೆ ಹಕ್ಕಿಯ ರೆಕ್ಕೆಸದ್ದು ತಪ್ಪಿಹೋಗುತ್ತದೆ. ಇನ್ನೊಂದು: ಮಂಗನ ಕಾಯಿಲೆ ಹರಡುವ ಉಣುಗಿನ ಕಾಲವೂ ಈ ಮಾರ್ಚಿನ ಹೊತ್ತೇ. ಕಾಲು ಪೂರ್ತಿ ಮುಚ್ಚುವ ಬಟ್ಟೆ ಹಾಕಿ, ದರಕಿನ ಮೇಲೆ ಕೂರಬೇಡಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದುಬಿಡಿ.