ಎಲ್ ಪಾಸೋದ ಪಾದ್ರಿ ಪ್ರತಿಮೆ ನೋಡೋಕೆ ಎಷ್ಟು ಹೊತ್ತು ಬೇಕು?

ಟೆಕ್ಸಸ್ ಗಡಿಯ ಎಲ್ ಪಾಸೋದಲ್ಲಿ ಒಂದೇ ದಿನ ಇದೆ, ಊರು ಕಟ್ಟಿದವನು ಅನ್ನೋ ಪಾದ್ರಿ ಫ್ರೇ ಗಾರ್ಸಿಯಾನ ಪ್ರತಿಮೆಗೆ ಎಷ್ಟು ಹೊತ್ತು ಇಡಲಿ, ಇಲ್ಲ ಏರ್‌ಪೋರ್ಟಿನ ದೊಡ್ಡ ಕುದುರೆ ಪ್ರತಿಮೆ ನೋಡಿದರೆ ಸಾಕಾ ಅಂತ ತಾನೇ ನಿಮ್ಮ ಪ್ರಶ್ನೆ? ಡಲ್ಲಾಸಿನಿಂದ ಹೊರಟಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಪ್ರತಿಮೆಗೆ ಹತ್ತು ನಿಮಿಷ ಸಾಕು. ಆದರೆ ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗಿ.

ಡೌನ್‌ಟೌನಿನ ಪಯೋನಿಯರ್ ಪ್ಲಾಜಾದಲ್ಲಿ 14 ಅಡಿಯ ಕಂಚಿನ ಪಾದ್ರಿ ನಿಂತಿದ್ದಾನೆ. ಜಾನ್ ಹೌಸರ್ ಮಾಡಿದ್ದು, 1996ರಲ್ಲಿ ನಿಲ್ಲಿಸಿದ್ದು. ಫೋಟೋ ತೆಗೆದೆ. ಆಮೇಲೆ ನೆರಳಲ್ಲಿ ಕೂತು ಮೊಬೈಲಿನಲ್ಲಿ ಓದುತ್ತಾ ಹೋದರೆ, ಈ ಮನುಷ್ಯ ಕಟ್ಟಿದ ಊರು ಇದು ಅಲ್ಲವೇ ಅಲ್ಲ! 1659ರಲ್ಲಿ ಅವನು ಇಲ್ಲಿನ ಮೂಲನಿವಾಸಿಗಳಾದ ಮಾನ್ಸೋ ಜನರಿಗಾಗಿ ಗ್ವಾಡಲೂಪೆ ಮಿಷನ್ ಶುರು ಮಾಡಿದ್ದು ನದಿಯ ಆಚೆ ದಡದಲ್ಲಿ. 1848ರ ಅಮೆರಿಕ-ಮೆಕ್ಸಿಕೋ ಒಪ್ಪಂದದಲ್ಲಿ ಆ ನದಿ, ರಿಯೋ ಗ್ರಾಂಡೆಯೇ ಗಡಿಯಾಯಿತು, ಹಳೇ ಊರು ಮೆಕ್ಸಿಕೋಗೆ ಉಳಿಯಿತು. ಅದಕ್ಕೆ 1888ರಲ್ಲಿ ಸಿಯುದಾದ್ ಹ್ವಾರೆಸ್ ಅಂತ ಹೆಸರಿಟ್ಟರು. ಅಂದರೆ ಪ್ರತಿಮೆ ಅಮೆರಿಕದಲ್ಲಿ, ಅವನ ಚರ್ಚು ಮೆಕ್ಸಿಕೋದಲ್ಲಿ. 1668ರಲ್ಲಿ ಪೂರ್ತಿಯಾದ ಆ ಚರ್ಚು ಇವತ್ತಿಗೂ ಇದೆ, ಪ್ಲಾಜಾದಿಂದ ನಡೆದೇ ಹೋಗಬಹುದು.

ನನ್ನ ಪಾಸ್‌ಪೋರ್ಟ್ ಮಾತ್ರ ಡಲ್ಲಾಸಿನ ಮನೆಯ ಡ್ರಾಯರಿನಲ್ಲಿತ್ತು. ಮರೆತದ್ದಲ್ಲ, ಬೇಕಂತಲೇ ಬಿಟ್ಟು ಬಂದದ್ದು. ಟೆಕ್ಸಸ್ ಒಳಗೇ ಓಡಾಟ, ಲೈಸೆನ್ಸ್ ಸಾಕಲ್ಲ, ದಾರಿಯಲ್ಲಿ ಕಳೆದುಹೋದರೆ ಹೊಸದಕ್ಕೆ ಯಾರು ಅಲೆಯೋದು ಅಂತ. ಹೆಂಡತಿ ಎರಡೆರಡು ಸಲ ಕೇಳಿದ್ದಳು, ನಾನೇ ದೊಡ್ಡ ಜಾಣನ ಹಾಗೆ ಬೇಡ ಅಂದೆ. ಗಡಿಯ ಸೇತುವೆಯವರೆಗೆ ಹೋಗಿ, ಚಿಲ್ಲರೆ ಹಾಕಿ ಆರಾಮಾಗಿ ದಾಟುವವರನ್ನು ನೋಡಿಕೊಂಡು ವಾಪಸ್ ಬಂದೆ. ಅಲ್ಲಿಗೇ ಮುಗಿಯಲಿಲ್ಲ. ವಾಪಸ್ ಬರುವಾಗ ಐ-10 ಹೆದ್ದಾರಿಯಲ್ಲಿ ಸಿಯೆರಾ ಬ್ಲಾಂಕಾ ಹತ್ತಿರ ಗಡಿ ಪೊಲೀಸರ ತಪಾಸಣೆ ಇರುತ್ತದೆ. ದೇಶ ಬಿಟ್ಟು ಹೋಗದಿದ್ದರೂ ಯಾವ ದೇಶದವರು ಅಂತ ಕೇಳುತ್ತಾರೆ. ಕೆಲಸದ ವೀಸಾ, ಎಚ್-1ಬಿ ಅಂದೆ, ಕಾಗದ ಕೊಡಿ ಅಂದರು. ಕಾರು ಪಕ್ಕಕ್ಕೆ ಹಾಕಿಸಿದರು. ಹಳೇ ಮೇಲ್‌ಗಳಲ್ಲಿ ಐ-94, ಅಂದರೆ ದೇಶದೊಳಗೆ ಬಂದ ದಾಖಲೆಯ ಪ್ರತಿ ಹುಡುಕಿ ತೋರಿಸಿ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಅವರ ತಪ್ಪೇನಿಲ್ಲ, ನಮ್ಮಂಥ ವೀಸಾದವರು ಕಾಗದ ಜೊತೆಗೇ ಇಟ್ಟುಕೊಳ್ಳಬೇಕು ಅನ್ನೋದೇ ನಿಯಮ.

ಮುಂದಿನ ವರ್ಷ ಸರಿಯಾಗಿ ಹೋದೆ. ಭಾರತದ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟಿನಲ್ಲಿರುವ ಆ ವೀಸಾದ ಅವಧಿ ಮುಗಿದುಹೋಗಿದ್ದರೆ ಮಾತ್ರ ಮೊದಲು ಕಂಪನಿಯ ವಕೀಲರನ್ನು ಕೇಳಿ, ಸುಮ್ನೆ ದಾಟಬೇಡಿ. ದೊಡ್ಡ ಕ್ಯಾಥೆಡ್ರಲ್ ಪಕ್ಕದಲ್ಲಿ ಈ ಚರ್ಚು ಪುಟ್ಟದಾಗಿ ಕಾಣುತ್ತದೆ. ದಪ್ಪ ಮಣ್ಣಿನ ಗೋಡೆ, ಒಳಗೆ ತಲೆಯೆತ್ತಿದರೆ ಕೆತ್ತನೆಯ ಮರದ ತೊಲೆಗಳು. ನನ್ನ ಕತ್ತು ನೋಯುವಷ್ಟು ಹೊತ್ತು ನೋಡಿದೆ. ಹೆಸರು ಪಾದ್ರಿಯದು, ಆದರೆ ಇಂಥ ಮಿಷನ್‌ಗಳಲ್ಲಿ ಮಣ್ಣು ಹೊತ್ತವರು ಸ್ಥಳೀಯ ಮೂಲನಿವಾಸಿಗಳು. ಕಂಚಿನ ಪ್ರತಿಮೆ ಎದುರು ನಿಂತಾಗ ಅವರ ನೆನಪೇ ಬಂದಿರಲಿಲ್ಲ. ಇಲ್ಲಿ ಗೋಡೆ ಮುಟ್ಟಿದರೆ ಬರುತ್ತದೆ.

ಆ ಕುದುರೆ? ಅದೂ ಹೌಸರ್ ಮಾಡಿದ್ದೇ, 36 ಅಡಿ. ಮೇಲೆ ಕೂತವನು ಸ್ಪೇನಿನ ದಂಡನಾಯಕ ಹ್ವಾನ್ ದೆ ಒನ್ಯಾಟೆ, 1599ರಲ್ಲಿ ಆಕೋಮಾ ಅನ್ನೋ ಮೂಲನಿವಾಸಿ ಗಂಡಸರ ಪಾದ ಕತ್ತರಿಸುವ ಶಿಕ್ಷೆ ಕೊಟ್ಟವನು. ಜನ ಗಲಾಟೆ ಮಾಡಿದ್ದಕ್ಕೆ ನಗರಸಭೆ ಪ್ರತಿಮೆಯ ಹೆಸರಿನಿಂದ ಅವನ ಹೆಸರು ತೆಗೆದು ಬರೀ ಸವಾರ ಅಂತ ಮಾಡಿತು, ಎಂಥಾ ಜಾಣತನ ಅಲ್ವಾ! ಅದಕ್ಕಾಗಿ ಹೊತ್ತು ಇಡಬೇಡಿ, ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಕಾರಿನಿಂದಲೇ ಕಾಣುತ್ತದೆ. ಬೆಳಿಗ್ಗೆಯೇ ಸೇತುವೆ ದಾಟಿ. ವಾಪಸ್ ಬರುವ ಸಾಲು ಮಧ್ಯಾಹ್ನದ ಮೇಲೆ ತುಂಬಾ ಉದ್ದ ಇರುತ್ತದೆ, ನೀರಿನ ಬಾಟಲಿ ಮರೆಯಬೇಡಿ.